ಮೊದಲ ಪಿರಿಯಡ್‌ನ ಚುಕ್ಕೆಗಳು: ಸೆಮಿಸ್ಟರ್ ಶುರುವಿನಲ್ಲಿ ಒಂದು ಕಾಲೇಜಿನ ಪ್ರಕರಣ ಅಧ್ಯಯನ

ಪ್ರತಿ ಸೆಮಿಸ್ಟರ್ ಶುರುವಾಗುವ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ನಮೂನೆ ಕೈಯಿಂದ ಕೈಗೆ ಓಡಾಡುತ್ತದೆ. ಹಿಂದಿನ ಸೆಮಿಸ್ಟರಿನ ಫಲಿತಾಂಶ ವಿಶ್ಲೇಷಣೆಯ ನಮೂನೆ ಅದು. ವಿಷಯ, ಪರೀಕ್ಷೆಗೆ ಕೂತವರು, ಪಾಸಾದವರು, ಶೇಕಡಾವಾರು, ಕೊನೆಗೆ 'ಕಾರಣ' ಎಂಬ ಎರಡು ಬೆರಳಗಲದ ಅಂಕಣ. ಹತ್ತು ವರ್ಷಗಳಲ್ಲಿ ಆ ಅಂಕಣದಲ್ಲಿ ನಾನು 'ವಿದ್ಯಾರ್ಥಿಗಳ ಗ್ರಾಮೀಣ ಹಿನ್ನೆಲೆ' ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪಕ್ಕದ ವಿಭಾಗದವರೂ ಅದನ್ನೇ ಬರೆಯುತ್ತಾರೆ. ಯಾರೂ ಪ್ರಶ್ನೆ ಮಾಡುವುದಿಲ್ಲ, ಏಕೆಂದರೆ ಅದು ಸುಳ್ಳಲ್ಲ. ನಮ್ಮ ಮಕ್ಕಳು ಹಳ್ಳಿಯವರೇ. ಆದರೆ ಹಳ್ಳಿಯಿಂದ ಬಂದ ಮಾತ್ರಕ್ಕೆ ಹುಡುಗಿಯೊಬ್ಬಳು ಇಂಗ್ಲಿಷ್ ಪೇಪರಿನಲ್ಲಿ ಯಾಕೆ ಫೇಲಾಗಬೇಕು, ಅದೇ ಹುಡುಗಿ ಇತಿಹಾಸದಲ್ಲಿ ಹೇಗೆ ಒಳ್ಳೆಯ ಅಂಕ ತೆಗೆದಳು ಎಂಬುದಕ್ಕೆ ಆ ಎರಡು ಪದಗಳಲ್ಲಿ ಉತ್ತರವಿಲ್ಲ.

ಕಳೆದ ಬೆಸ ಸೆಮಿಸ್ಟರ್ ಶುರುವಾದಾಗ ಆ ಉತ್ತರ ಹುಡುಕಲು ಹೊರಟೆವು. ಏನು ಕಂಡಿತು, ಏನು ಮಾಡಿದೆವು, ಏನು ಕೈಗೂಡಿತು, ಏನು ಇನ್ನೂ ಹಾಗೇ ಉಳಿದಿದೆ ಎಂಬುದರ ದಾಖಲೆ ಇದು. ಬೇರೆ ಕಾಲೇಜುಗಳಲ್ಲಿ ಟೈಮ್‌ಟೇಬಲ್ ಹಾಕುವ ಸಹೋದ್ಯೋಗಿಗಳಿಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ದಾವಣಗೆರೆ ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟದ್ದು ಎಂದಷ್ಟು ತಿಳಿದರೆ ಸಾಕು. ನಾನು ಅಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಟೈಮ್‌ಟೇಬಲ್ ಸಮಿತಿಯ ಸಂಚಾಲಕನೂ ನಾನೇ.

ದೂರದ ಲೆಕ್ಕ

ನಮ್ಮ ವಿಶ್ವವಿದ್ಯಾನಿಲಯ ಹುಟ್ಟಿದ್ದೇ ದೂರವನ್ನು ಕಡಿಮೆ ಮಾಡಲು. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯುವ ಮೊದಲು ಈ ಭಾಗದ ಬಡ ಮಕ್ಕಳಿಗೆ ಎಂ.ಎ., ಎಂ.ಕಾಂ. ಎಂದರೆ ಮೈಸೂರಿಗೋ ಧಾರವಾಡಕ್ಕೋ ಗಂಟು ಕಟ್ಟಬೇಕಾದ ಮಾತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂದಾಗ ಆ ಕೇಂದ್ರ ಅದರ ಮಡಿಲಿಗೆ ಹೋಯಿತು. 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಈಗ ತೋಳಹುಣಸೆಯ ಶಿವಗಂಗೋತ್ರಿ ಆವರಣ, ಚಿತ್ರದುರ್ಗದ ಹೊರಗೆ ಗುಡ್ಡದ ರಂಗವ್ವನಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರ, ಅದಕ್ಕೂ ಹಳೆಯದಾದ 1964ರ ದೃಶ್ಯಕಲಾ ಕಾಲೇಜು, ಇವುಗಳ ಜೊತೆಗೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳು.

ವಿಶ್ವವಿದ್ಯಾನಿಲಯ ಎಂದರೆ ಜನರ ಕಣ್ಣಿಗೆ ಬರುವುದು ತೋಳಹುಣಸೆಯ ಕಟ್ಟಡಗಳು, ಘಟಿಕೋತ್ಸವ, ಚಿನ್ನದ ಪದಕ. ಅದರ ಹೆಸರಿನಲ್ಲಿ ಪದವಿ ಪಡೆಯುವವರಲ್ಲಿ ಬಹುಪಾಲು ಮಂದಿ ಆ ಆವರಣಕ್ಕೆ ಕಾಲಿಟ್ಟಿರುವುದೇ ಇಲ್ಲ. ಮೊಳಕಾಲ್ಮೂರಿನ ಹುಡುಗನಿಗೆ ಶಿವಗಂಗೋತ್ರಿ ನೂರು ಕಿಲೋಮೀಟರಿಗೂ ಆಚೆ. ಅವನ ಪಾಲಿಗೆ ವಿಶ್ವವಿದ್ಯಾನಿಲಯ ಎಂದರೆ ಅವನ ಊರಿನ ಕಾಲೇಜಿನ ಎರಡನೇ ರೂಮು, ಅಂಕಪಟ್ಟಿಯ ಮೇಲಿನ ಮುದ್ರೆ. ಹಾಗಾಗಿ ವಿಶ್ವವಿದ್ಯಾನಿಲಯ ಎಷ್ಟು ಮುಂದೆ ಬಂದಿದೆ ಎಂದು ಯಾರಾದರೂ ಕೇಳಿದರೆ, ಸೆಮಿಸ್ಟರಿನ ಮೊದಲ ಸೋಮವಾರ ಅದರ ತೀರಾ ಅಂಚಿನ ಕಾಲೇಜಿನಲ್ಲಿ ಒಂಬತ್ತೂವರೆಗೆ ಪಾಠ ನಡೆಯಿತೇ, ಕೇಳಲು ಯಾರಿದ್ದರು ಎಂದು ನೋಡಿ ಹೇಳಬೇಕು ಅನ್ನುವವನು ನಾನು.

ಒಂದೇ ಸೂರು, ಮೂರು ಪದ್ಧತಿ

ಪ್ರಕರಣದ ಬೇರು 2024-25ರ ಮೊದಲ ಸೆಮಿಸ್ಟರಿನಲ್ಲಿದೆ. ಆ ವರ್ಷ ರಾಜ್ಯದ ಎಲ್ಲ ಪದವಿ ಕಾಲೇಜುಗಳಂತೆ ನಮ್ಮಲ್ಲೂ ಪಠ್ಯಕ್ರಮ ಮತ್ತೆ ಬದಲಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ. 2023ರ ಅಕ್ಟೋಬರಿನಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಿಟ್ಟು ಮೂರು ವರ್ಷದ ಪದವಿಗೆ ಮರಳುವ ಆದೇಶ ಬಂತು. ಆ ಜುಲೈ-ಆಗಸ್ಟಿನಲ್ಲಿ ಸೇರಿದ ಮಕ್ಕಳು ಹೊಸ ಎಸ್‌ಇಪಿಯವರು, ಎರಡನೇ ಮತ್ತು ಮೂರನೇ ವರ್ಷದವರು ಎನ್‌ಇಪಿಯವರು, ಅದಕ್ಕೂ ಹಿಂದಿನ ಪದ್ಧತಿಯ ಬ್ಯಾಕ್‌ಲಾಗ್ ಇಟ್ಟುಕೊಂಡು ಪರೀಕ್ಷೆ ಕಟ್ಟುವವರು ಬೇರೆ.

ಟೈಮ್‌ಟೇಬಲ್ ಹಾಕುವವನಿಗೆ ಇದರ ಅರ್ಥ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಎನ್‌ಇಪಿಯಲ್ಲಿ ಮುಕ್ತ ಆಯ್ಕೆಯ ಪತ್ರಿಕೆ ಇದೆ, ಕೌಶಲದ ಪತ್ರಿಕೆ ಇದೆ. ಎಸ್‌ಇಪಿಯಲ್ಲಿ ಮೂರು ಐಚ್ಛಿಕ ವಿಷಯಗಳು ಸಮಸಮ. ಒಂದು ವರ್ಷದವರ ಐಚ್ಛಿಕ ಇನ್ನೊಂದು ವರ್ಷದವರ ಮುಕ್ತ ಆಯ್ಕೆಗೆ ಅಡ್ಡ ಬರುತ್ತದೆ. ರೂಮುಗಳು ಅಷ್ಟೇ, ಮೇಷ್ಟ್ರುಗಳೂ ಅಷ್ಟೇ. ಇಂಥ ಸಂದರ್ಭದಲ್ಲಿ ನಾವೆಲ್ಲ ಮಾಡುವುದು ಒಂದೇ: ಮೊದಲು ಭಾಷೆಯನ್ನು ಕೂರಿಸುತ್ತೇವೆ. ಕನ್ನಡ, ಇಂಗ್ಲಿಷ್ ತರಗತಿಗೆ ಬಿ.ಎ., ಬಿ.ಕಾಂ. ಎರಡೂ ಸೇರಿ ಕೂರುವುದರಿಂದ ಅದನ್ನು ಎಲ್ಲರಿಗೂ ಖಾಲಿ ಇರುವ ಅವಧಿಗೆ, ಅಂದರೆ ಮೊದಲ ಪಿರಿಯಡ್‌ಗೆ, ಹಾಕಿ ಮೊಳೆ ಹೊಡೆದರೆ ಮಿಕ್ಕದ್ದನ್ನು ಅದರ ಸುತ್ತ ಹೆಣೆಯಬಹುದು. ಆ ವರ್ಷ ಇಂಗ್ಲಿಷಿಗೆ ವಾರಕ್ಕೆ ನಾಲ್ಕು ಪಿರಿಯಡ್. ಅದರಲ್ಲಿ ಮೂರು, ಸೋಮವಾರ, ಮಂಗಳವಾರ, ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ. ಹಾಕಿದವನು ನಾನು. ಎರಡು ರಾತ್ರಿ ಕೂತು ಹೊಂದಿಸಿದ್ದೆ, ಎಲ್ಲೂ ಡಿಕ್ಕಿಯಾಗಲಿಲ್ಲವೆಂದು ಸಮಾಧಾನಪಟ್ಟಿದ್ದೆ.

ಫಲಿತಾಂಶ ಬಂದಾಗ ಬಿ.ಎ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಉಳಿಸಿಕೊಂಡವರು, ಅಂದರೆ ಅದರಲ್ಲಿ ಫೇಲಾದವರು, 21 ಜನ. ಬೇರೆ ಯಾವ ಪತ್ರಿಕೆಯಲ್ಲೂ ಅದರ ಅರ್ಧದಷ್ಟಿಲ್ಲ. ಸ್ಟಾಫ್ ರೂಮಿನಲ್ಲಿ ಅದನ್ನು ಯಾರೂ ವಿಶೇಷವೆಂದು ಭಾವಿಸಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳು, ಇಂಗ್ಲಿಷ್ ಅಂದರೆ ಹೆದರುತ್ತಾರೆ, ಅಷ್ಟೇ.

ಚುಕ್ಕೆ ಪುಸ್ತಕ

ಇಂಗ್ಲಿಷ್ ಪಾಠ ಮಾಡುತ್ತಿದ್ದವರು ಅತಿಥಿ ಉಪನ್ಯಾಸಕಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು ಆಗ 10 ಸಾವಿರಕ್ಕೂ ಹೆಚ್ಚು. ಅವರಿಲ್ಲದೆ ನಮ್ಮ ಅರ್ಧ ತರಗತಿಗಳ ಬಾಗಿಲು ತೆಗೆಯುವುದಿಲ್ಲ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಅರ್ಹತೆ, ಸೇವಾವಧಿ ನೋಡಿ 26 ಸಾವಿರದಿಂದ 32 ಸಾವಿರ ರೂಪಾಯಿಯವರೆಗೆ ಏರಿಸಿ, ವಾರಕ್ಕೆ 15 ಗಂಟೆಯ ಕಾರ್ಯಭಾರ ನಿಗದಿ ಮಾಡಿತು. ಏರಿಕೆಯಿಂದ ಅನುಕೂಲವಾದವರಿದ್ದಾರೆ, ಗಂಟೆಗಳು ಒಟ್ಟುಗೂಡಿ ಕೆಲಸವೇ ಹೋದವರೂ ಇದ್ದಾರೆ. ಯಾರಿಗೂ ಮುಂದಿನ ವರ್ಷ ಇದೇ ಕಾಲೇಜು ಎಂಬ ಖಾತ್ರಿಯಿಲ್ಲ. ವರ್ಷ ಮುಗಿದರೆ ಬಿಡುಗಡೆ, ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಸಿಕ್ಕ ಕಡೆಗೆ ಪಯಣ.

ಆ ಮೇಡಂಗೆ ಈ ಸಲ ಬೇರೆ ತಾಲ್ಲೂಕು ಸಿಕ್ಕಿತು. ಹೋಗುವ ಮುನ್ನ ನನ್ನ ಟೇಬಲ್ ಮೇಲೆ ನೂರು ಪುಟದ ಒಂದು ನೋಟ್‌ಬುಕ್ ಇಟ್ಟರು. ಹಳೆಯ ಕ್ಯಾಲೆಂಡರ್ ಹಾಳೆಯ ಹೊದಿಕೆ, ಮೂಲೆಗೆ ಸೆಲ್ಲೋಟೇಪು. "ಸರ್, ಇದು ನಿಮ್ಮತ್ರ ಇರ್ಲಿ. ಹೊಸಬ್ರು ಬಂದ್ರೆ ಕೊಡಿ. ಮಕ್ಕಳ ಬಗ್ಗೆ ಒಂದಷ್ಟು ಗೊತ್ತಾಗುತ್ತೆ."

ಅದು ಅವರ ಸ್ವಂತ ಹಾಜರಿ ಪುಸ್ತಕ. ಕಾಲೇಜಿನ ಅಧಿಕೃತ ರಿಜಿಸ್ಟರ್ ಬೇರೆಯೇ ಇದೆ. ಅದರ ವಿಷಯ ಇಲ್ಲಿ ಮುಚ್ಚಿಡದೆ ಹೇಳಬೇಕು. ಶೇಕಡ 75ರಷ್ಟು ಹಾಜರಾತಿ ಇಲ್ಲದಿದ್ದರೆ ವಿದ್ಯಾರ್ಥಿ ಪರೀಕ್ಷೆಗೆ ಕೂರುವಂತಿಲ್ಲ. ಬಡವರ ಮಕ್ಕಳ ವರ್ಷ ಹಾಳು ಮಾಡಲು ಯಾವ ಮೇಷ್ಟ್ರ ಮನಸ್ಸೂ ಒಪ್ಪುವುದಿಲ್ಲ. ಸೆಮಿಸ್ಟರಿನ ಕೊನೆಗೆ ರಿಜಿಸ್ಟರ್ 'ಸರಿಹೋಗುತ್ತದೆ'. ನಾವು ಉಪಕಾರ ಮಾಡಿದೆವು ಎಂದುಕೊಂಡು ಮನೆಗೆ ಹೋಗುತ್ತೇವೆ. ಆ ರಿಜಿಸ್ಟರನ್ನು ಮುಂದೆ ಯಾರು ತೆರೆದು ನೋಡಿದರೂ ಎಲ್ಲರೂ ಎಲ್ಲ ದಿನ ಬಂದಂತೆಯೇ ಕಾಣುತ್ತದೆ.

ಮೇಡಂ ಅವರ ಪುಸ್ತಕದಲ್ಲಿ ಮಾತ್ರ ನಡೆದದ್ದು ನಡೆದ ಹಾಗೆ ಇತ್ತು. ಎಡಗಡೆ ಹೆಸರುಗಳು. ಬಾರದಿದ್ದ ದಿನಕ್ಕೆ ಕೆಂಪು ಬಾಲ್‌ಪೆನ್ನಿನ ಒಂದು ಚುಕ್ಕೆ. ತಡವಾಗಿ ಬಂದರೆ ಅರ್ಧಚಂದ್ರ. ಬಲಗಡೆ ಅಂಚಿನಲ್ಲಿ ಸಣ್ಣಕ್ಷರದ ಟಿಪ್ಪಣಿಗಳು: 'ಈರುಳ್ಳಿ', 'ಜ್ವರ', 'ಅಕ್ಕನ ಬಾಣಂತನ', 'ಸ್ಕಾಲರ್‌ಶಿಪ್ ಬಂದಿಲ್ಲ, ಪುಸ್ತಕ ಇಲ್ಲ', ಒಂದು ಕಡೆ 'ಚೆನ್ನಾಗಿ ಓದುತ್ತಾಳೆ, ಎದ್ದು ನಿಲ್ಲಿಸಬೇಡ'. ಪುಟ ತಿರುಗಿಸುತ್ತ ಹೋದ ಹಾಗೆ ಒಂದು ವಿಚಿತ್ರ ಕಂಡಿತು. ಕೆಲವು ಹೆಸರುಗಳ ಮುಂದೆ ಚುಕ್ಕೆ ಅಲ್ಲೊಂದು ಇಲ್ಲೊಂದು ಚದುರಿತ್ತು. ಇನ್ನು ಕೆಲವು ಹೆಸರುಗಳ ಮುಂದೆ ಮಾತ್ರ ಚುಕ್ಕೆ, ಅರ್ಧಚಂದ್ರ, ಚುಕ್ಕೆ, ಆಮೇಲೆ ಖಾಲಿ. ಮತ್ತೆ ಚುಕ್ಕೆ, ಅರ್ಧಚಂದ್ರ, ಚುಕ್ಕೆ, ಖಾಲಿ. ಕೈಮಗ್ಗದ ಸೀರೆಯ ಅಂಚಿನ ಹಾಗೆ ಒಂದೇ ವಿನ್ಯಾಸ, ವಾರದಿಂದ ವಾರಕ್ಕೆ. ಸೋಮ, ಮಂಗಳ, ಗುರು ಚುಕ್ಕೆ ಇಲ್ಲವೇ ಅರ್ಧಚಂದ್ರ. ಶುಕ್ರವಾರದ ತರಗತಿ ಮಧ್ಯಾಹ್ನ ಎರಡಕ್ಕಿತ್ತು, ಅಂದು ಎಲ್ಲರೂ ಹಾಜರು.

ಗ್ರಂಥಪಾಲಕರನ್ನು ಜೊತೆಗೆ ಕೂರಿಸಿಕೊಂಡು ಫಲಿತಾಂಶದ ಪಟ್ಟಿ, ಪ್ರವೇಶದ ಅರ್ಜಿಯಲ್ಲಿನ ವಿಳಾಸ, ಈ ಪುಸ್ತಕ ಮೂರನ್ನೂ ತಾಳೆ ನೋಡಿದೆವು. ಇಂಗ್ಲಿಷ್ ಉಳಿಸಿಕೊಂಡ 21 ಜನರಲ್ಲಿ 17 ಮಂದಿ ಮೂರು ರೂಟಿನ ಬಸ್ಸುಗಳಲ್ಲಿ ಬರುವವರು. ಆ 17ರಲ್ಲಿ 13 ಹೆಣ್ಣುಮಕ್ಕಳು.

ಇಲ್ಲಿ ಅವಸರದ ತೀರ್ಮಾನ ಬೇಡವೆಂದು ಗ್ರಂಥಪಾಲಕರೇ ತಡೆದರು. ದೂರದ ಹಳ್ಳಿಯ ಮಕ್ಕಳು ಇಂಗ್ಲಿಷಿನಲ್ಲಿ ಮೊದಲೇ ಹಿಂದಿರಬಹುದಲ್ಲ, ಬಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದಲ್ಲ ಎಂದರು. ನ್ಯಾಯವಾದ ಮಾತು. ಊರಲ್ಲೇ ಇರುವ, ಹಾಸ್ಟೆಲಿನಲ್ಲಿರುವ ಮಕ್ಕಳನ್ನು ತೆಗೆದು ನೋಡಿದೆವು. ಅವರೂ ಕನ್ನಡ ಮಾಧ್ಯಮದವರೇ, ಬಹುಪಾಲು ಅದೇ ಪಿಯು ಕಾಲೇಜುಗಳಿಂದ ಬಂದವರೇ. ಹಾಸ್ಟೆಲಿನಲ್ಲಿ ಸೀಟು ಸಿಕ್ಕ ಹುಡುಗಿಯರಲ್ಲಿ ಇಂಗ್ಲಿಷ್ ಉಳಿಸಿಕೊಂಡವರು ಇಬ್ಬರೇ. ಅದೇ ಹಳ್ಳಿ, ಅದೇ ಪಿಯು ಕಾಲೇಜು, ಹತ್ತಿರ ಹತ್ತಿರದ ಅಂಕಗಳು. ಒಬ್ಬಳಿಗೆ ಹಾಸ್ಟೆಲ್ ಸಿಕ್ಕಿತ್ತು, ಇನ್ನೊಬ್ಬಳು ಬಸ್ಸಿಗೆ ಕಾಯುತ್ತಿದ್ದಳು. ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಲೆಕ್ಕ ಹಾಕಿದರೆ ಮೈ ಝುಂ ಎನ್ನುತ್ತದೆ. ವಾರಕ್ಕೆ ನಾಲ್ಕರಂತೆ 16 ವಾರಕ್ಕೆ 64 ತರಗತಿ. ಮೂರು ದಿನ ಮೊದಲ ಪಿರಿಯಡ್ ಎಂದರೆ 48. ಅಷ್ಟೂ ತಪ್ಪಿದರೆ ಆ ಮಗುವಿನ ಕೈಗೆ ಸಿಕ್ಕಿದ್ದು 16 ತರಗತಿ, ಕಾಲು ಭಾಗ. ಕಾಲು ಭಾಗ ಪಾಠ ಕೇಳಿ ಪೂರ್ತಿ ಪರೀಕ್ಷೆ ಬರೆದಿದ್ದಳು.

ಒಂಬತ್ತೂಕಾಲರ ಬಸ್ಸು, ಹತ್ತೂ ಹತ್ತರ ಬಸ್ಸು

"ಯಾಕಮ್ಮ, ಸ್ವಲ್ಪ ಬೇಗ ಹೊರಡೋಕೆ ಆಗಲ್ವ?" ಎಂದು ಈಗ ಮೂರನೇ ಸೆಮಿಸ್ಟರಿನಲ್ಲಿದ್ದ ಒಬ್ಬ ಹುಡುಗಿಯನ್ನು ಕೇಳಿದೆ.

"ಏಳೂವರೆಗೇ ಗೇಟಲ್ಲಿ ನಿಂತಿರ್ತೀವಿ ಸಾರ್."

"ಮತ್ತೆ?"

"ಮೊದ್ಲು ಬರೋದು ಪ್ರೈವೇಟ್ ಬಸ್ಸು ಸಾರ್. ನಾವು ಹತ್ತಲ್ಲ."

ಅಷ್ಟೇ ಹೇಳಿ ಸುಮ್ಮನಾದಳು. ಮಿಕ್ಕದ್ದನ್ನು ತಿಳಿಯಲು ಒಂದು ಗುರುವಾರ ನಾನೇ ಆ ಹಳ್ಳಿಗೆ ಹೋಗಿ ಗೇಟಿನಲ್ಲಿ, ಅಂದರೆ ಬಸ್ಸು ನಿಲ್ಲುವ ಕಡೆ, ನಿಂತೆ. ಚಿತ್ರದುರ್ಗ, ದಾವಣಗೆರೆ ಕಡೆಯವರಿಗೆ ಇದು ಗೊತ್ತಿರುವ ವಿಷಯ: ನಮ್ಮ ಎಷ್ಟೋ ರಸ್ತೆಗಳಲ್ಲಿ ಇವತ್ತಿಗೂ ಖಾಸಗಿ ಬಸ್ಸುಗಳೇ ಆಸರೆ, ಸರ್ಕಾರಿ ಬಸ್ಸು ಎಣಿಕೆಯದು. ಅಂದು ಮೊದಲು ಬಂದ ಖಾಸಗಿ ಬಸ್ಸು ಹತ್ತಿದರೆ ಒಂಬತ್ತೂಕಾಲಿಗೆ ನಮ್ಮೂರು. ಹೋಗಿ ಬರಲು ಅರವತ್ತು ರೂಪಾಯಿ. ಅದು ನಿಂತಿತು, ಕ್ಲೀನರ್ ಊರಿನ ಹೆಸರು ಕೂಗಿದ, ಹೆಣ್ಣುಮಕ್ಕಳು ಒಬ್ಬರೂ ಕದಲಲಿಲ್ಲ. ಸರ್ಕಾರಿ ಬಸ್ಸು ಬಂದದ್ದು ಅದಾದ ಐವತ್ತು ನಿಮಿಷಕ್ಕೆ. ಅದರಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ, ಹುಡುಗರ ಪಾಸು ನಡೆಯುತ್ತದೆ. ಹಿಂದಿನ ಊರುಗಳಲ್ಲೇ ತುಂಬಿ ಬಂದಿತ್ತು. ನಾಲ್ಕು ಜನ ಹತ್ತಿದರು, ಮಿಕ್ಕವರು ಬಾಗಿಲಿಗೆ ಜೋತುಬಿದ್ದರು. ಇಬ್ಬರು ಹುಡುಗಿಯರು ಬ್ಯಾಗನ್ನು ಎದೆಗೆ ಅವುಚಿಕೊಂಡು ಹಾಗೇ ಹಿಂದೆ ಸರಿದು ನಿಂತರು. ಪುಸ್ತಕದಲ್ಲಿನ ಚುಕ್ಕೆ ಎಂದರೆ ಆ ಇಬ್ಬರು. ಅರ್ಧಚಂದ್ರ ಎಂದರೆ ಹತ್ತಿದವರು, ಹತ್ತೂ ಹತ್ತಕ್ಕೆ ಕಾಲೇಜು ಮುಟ್ಟಿ, ಅರ್ಧ ಪಾಠದಲ್ಲಿ ಒಳಗೆ ಹೋಗಲು ನಾಚಿ ಕಾರಿಡಾರಿನಲ್ಲಿ ನಿಂತವರು.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದರ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ 13 ಹುಡುಗಿಯರಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಮಗಳನ್ನು ಪದವಿಗೆ ಕಳಿಸಲು ಒಪ್ಪಿದ್ದೇ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ ಎಂಬ ಕಾರಣಕ್ಕೆ. ದಿನಕ್ಕೆ ಅರವತ್ತು ರೂಪಾಯಿ ಎಂದರೆ ತಿಂಗಳಿಗೆ ಒಂದೂವರೆ ಸಾವಿರ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ-ವಸತಿಗೆಂದು ಆಗ ತಿಂಗಳಿಗೆ ಕೊಡುತ್ತಿದ್ದದ್ದೇ 1,500 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ಅದಷ್ಟನ್ನೂ ಬಸ್ಸಿಗೆ ಸುರಿಯಿರಿ ಎಂದು ಹೇಳುವ ಬಾಯಿ ನನಗಿಲ್ಲ. ಉಚಿತ ಬಸ್ಸು ಅವರನ್ನು ಕಾಲೇಜಿಗೆ ಕರೆತಂದಿತು, ಆ ಬಸ್ಸು ಬರುವ ಹೊತ್ತೇ ಅವರ ಕಾಲೇಜಿನ ಹೊತ್ತಾಯಿತು. ಬಸ್ಸು ಬರುವ ಹೊತ್ತು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಇಂಗ್ಲಿಷನ್ನು ಅಲ್ಲಿ ಕೂರಿಸುತ್ತಿರಲಿಲ್ಲ.

ಮಾಡಿದ್ದು

ಕಾಲೇಜನ್ನೇ ಹತ್ತೂವರೆಗೆ ಶುರು ಮಾಡೋಣವೆಂಬುದು ಮೊದಲ ಸಲಹೆ. ಸಂಜೆಯ ಬಸ್ಸು ಅಡ್ಡಬಂತು. ಮೂರೂ ಮುಕ್ಕಾಲಿನದು ತಪ್ಪಿದರೆ ಆ ರೂಟಿಗೆ ಆರರವರೆಗೆ ಬಸ್ಸಿಲ್ಲ. ಕತ್ತಲಲ್ಲಿ ಮನೆ ಸೇರುವ ಹಾಗಾದರೆ ಮಗಳನ್ನು ಬಿಡಿಸುತ್ತಾರೆ.

ಬಸ್ಸಿನ ಸಮಯ ಬದಲಿಸಿ ಎಂದು ಸಾರಿಗೆಯವರಿಗೆ ಪ್ರಾಂಶುಪಾಲರು ಪತ್ರ ಬರೆದರು. ಮೂರು ಪತ್ರಗಳಾದವು. ಪರಿಶೀಲಿಸುತ್ತೇವೆ ಎಂದಿದ್ದಾರೆ.

ನಮ್ಮ ಕೈಯಲ್ಲಿದ್ದದ್ದು ಟೈಮ್‌ಟೇಬಲ್ ಒಂದೇ. ಒಂದು ನಿಯಮ ಮಾಡಿಕೊಂಡೆವು: ಯಾವ ಪತ್ರಿಕೆಗೂ ವಾರದಲ್ಲಿ ಒಂದಕ್ಕಿಂತ ಹೆಚ್ಚು ಮೊದಲ ಪಿರಿಯಡ್ ಇರಕೂಡದು. ಮೊದಲ ಪಿರಿಯಡ್ ತಪ್ಪಿಸಲು ಆಗದ ಮೇಲೆ ಆ ನಷ್ಟವನ್ನು ಎಲ್ಲ ವಿಷಯಗಳೂ ಹಂಚಿಕೊಳ್ಳಲಿ. ವಾರಕ್ಕೆ ನಾಲ್ಕು ತರಗತಿಯಿರುವ ಪತ್ರಿಕೆಯಲ್ಲಿ ಒಂದು ಮಾತ್ರ ತಪ್ಪಿದರೆ 64ಕ್ಕೆ 48, ಸರಿಯಾಗಿ ಶೇಕಡ 75. ಸುಳ್ಳು ಹಾಜರಿ ಹಾಕದೆಯೂ ಆ ಮಗು ಪರೀಕ್ಷೆಗೆ ಕೂರಬಹುದು. ಲೆಕ್ಕ ಹೀಗೆ ತಾಳೆಯಾದಾಗ ಪ್ರಾಂಶುಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಾಳೆ ನೋಡಿದರು.

ಹೇಳಿದಷ್ಟು ಸುಲಭವಾಗಲಿಲ್ಲ. ಭಾಷೆಯನ್ನು ಮೊದಲ ಪಿರಿಯಡ್‌ನಿಂದ ಎಬ್ಬಿಸಿದ ಕೂಡಲೇ ಬಿ.ಎ., ಬಿ.ಕಾಂ. ಒಟ್ಟಿಗೆ ಖಾಲಿ ಇರುವ ಅವಧಿ ಸಿಗದಾಯಿತು. ಅತಿಥಿ ಉಪನ್ಯಾಸಕರದು ಇನ್ನೂ ದೊಡ್ಡ ತೊಡಕು. ಹದಿನೈದು ಗಂಟೆಯನ್ನು ಮೂರು ದಿನಕ್ಕೆ ಕಟ್ಟಿಕೊಂಡರೆ ಅವರಿಗೆ ಮಿಕ್ಕ ದಿನ ಬೇರೆ ದುಡಿಮೆಗೆ ಬಿಡುವು. ಚದುರಿಸಿದರೆ ಆರೂ ದಿನ ಚಿತ್ರದುರ್ಗದಿಂದ ಓಡಾಡಬೇಕು. ಒಬ್ಬ ಸಮಾಜಶಾಸ್ತ್ರದ ಮೇಷ್ಟ್ರು ಸಭೆಯಲ್ಲಿ ಎದ್ದು ನಿಂತು, "ಮಕ್ಕಳ ಬಸ್ಸಿನ ಲೆಕ್ಕ ಹಾಕಿದ್ರಿ ಸರ್, ನಮ್ಮ ಬಸ್ಸಿನ ಲೆಕ್ಕ ಯಾರು ಹಾಕ್ತಾರೆ?" ಎಂದರು. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಅವರ ಮಾತು ಖಂಡಿತ ಸರಿ. ಕೊನೆಗೆ ಅವರೆಲ್ಲರಿಗೂ ನಾಲ್ಕು ದಿನ ಎಂದು ಒಪ್ಪಂದವಾಯಿತು. ಕಾಯಂ ನೌಕರರಾದ ನಾವು, ಸಂಬಳಕ್ಕೆ ಯಾವ ಕೊರತೆಯೂ ಇಲ್ಲದವರು, ಮೊದಲ ಪಿರಿಯಡ್‌ಗಳಲ್ಲಿ ಹೆಚ್ಚಿನ ಪಾಲು ತೆಗೆದುಕೊಂಡೆವು. ಇದನ್ನು ಮೊದಲೇ ಮಾಡಬೇಕಿತ್ತು.

ಇಷ್ಟರಲ್ಲಿ ಸೆಮಿಸ್ಟರ್ ಶುರುವಾಗಿ ಹೊಸ ಇಂಗ್ಲಿಷ್ ಅತಿಥಿ ಉಪನ್ಯಾಸಕರ ಆದೇಶ ಬಂದಿರಲಿಲ್ಲ. ಯುಜಿಸಿಯ 2018ರ ನಿಯಮದಂತೆ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಆದವರಿಗೇ ಆದ್ಯತೆ, ಪಟ್ಟಿ ತಯಾರಾಗಬೇಕು, ಕೌನ್ಸೆಲಿಂಗ್ ಮುಗಿಯಬೇಕು. ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಕೆಲಸ ಬೇಸಿಗೆ ರಜೆಯಲ್ಲಿ ಮುಗಿಯಬೇಕು. ಮೊದಲ ಮೂರು ವಾರ ಮೇಷ್ಟ್ರಿಲ್ಲದ ತರಗತಿಗೆ ಮಗು ಒಂದೂವರೆ ಗಂಟೆ ಜೋತಾಡಿಕೊಂಡು ಬಂದು, ಖಾಲಿ ಬೋರ್ಡು ನೋಡಿ ಹಿಂತಿರುಗಿದರೆ, ನಾಲ್ಕನೇ ವಾರ ಪಾಠ ಶುರುವಾಯಿತೆಂಬ ಸುದ್ದಿ ಆ ಗೇಟಿಗೆ ಮುಟ್ಟುವುದಿಲ್ಲ. ಆ ಮೂರು ವಾರ ಕನ್ನಡದ ಮೇಡಂ ಮತ್ತು ನಾನು ಇಂಗ್ಲಿಷ್ ತರಗತಿ ಹಂಚಿಕೊಂಡೆವು. ವ್ಯಾಕರಣ ನಮ್ಮಿಂದಾಗದು. ಬಸ್ಸಿನ ಬೋರ್ಡು, ಬ್ಯಾಂಕಿನ ಚಲನ್, ಸ್ಕಾಲರ್‌ಶಿಪ್ ಪೋರ್ಟಲಿನ ಇಂಗ್ಲಿಷ್ ಸೂಚನೆಗಳು, ಇವನ್ನೇ ಓದಿಸಿದೆವು. ಎಸ್‌ಎಸ್‌ಪಿ ಎಂಬ ಆ ಪೋರ್ಟಲಿನಲ್ಲಿ ತಮ್ಮ ಅರ್ಜಿ ಯಾವ ಹಂತದಲ್ಲಿ ನಿಂತಿದೆ ಎಂದು ತಾವೇ ಓದಿ ತಿಳಿದುಕೊಂಡ ದಿನ ಮಕ್ಕಳ ಮುಖ ನೋಡುವಂತಿತ್ತು. ಒಬ್ಬ ಹುಡುಗನ ಆಧಾರ್ ಬ್ಯಾಂಕಿಗೆ ಜೋಡಣೆಯಾಗಿರಲಿಲ್ಲವೆಂದು ಅಂದೇ ಗೊತ್ತಾದದ್ದು.

ಕಂಡದ್ದು, ಕಾಣದ್ದು

ಹೊಸ ಇಂಗ್ಲಿಷ್ ಮೇಷ್ಟ್ರು ನಾಲ್ಕನೇ ವಾರ ಬಂದರು. ಚುಕ್ಕೆ ಪುಸ್ತಕವನ್ನು ಅವರ ಕೈಗಿಟ್ಟೆ. ಒಂದು ರಾತ್ರಿ ಇಟ್ಟುಕೊಂಡು ಓದಿ, ಮರುದಿನ ತಾವೂ ಒಂದು ನೋಟ್‌ಬುಕ್ ತಂದರು. ಈ ಸೆಮಿಸ್ಟರಿನ ಅವರ ಪುಸ್ತಕದಲ್ಲೂ ಚುಕ್ಕೆಗಳಿವೆ, ಆದರೆ ಆ ಸೀರೆ ಅಂಚಿನ ವಿನ್ಯಾಸ ಒಡೆದಿದೆ. ಬಸ್ಸಿನ ಮಕ್ಕಳು ಇಂಗ್ಲಿಷಿನ ನಾಲ್ಕರಲ್ಲಿ ಮೂರು ತರಗತಿಗೆ ಕೂರುತ್ತಿದ್ದಾರೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಖಾಲಿ ಉತ್ತರ ಪತ್ರಿಕೆ ಕೊಟ್ಟವರು ಯಾರೂ ಇರಲಿಲ್ಲ.

ಕೆಲವು ಹೊಸ ಚುಕ್ಕೆಗಳೂ ಕಂಡವು. ಕೊನೆಯ ಪಿರಿಯಡ್ ಸೊರಗಿತು. ಮೂರೂ ಮುಕ್ಕಾಲಿನ ಬಸ್ಸಿನಲ್ಲಿ ಸೀಟು ಹಿಡಿಯಲು ಮಕ್ಕಳು ಮೂರೂ ಇಪ್ಪತ್ತಕ್ಕೇ ಕಿಟಕಿಯ ಹೊರಗೆ ನೋಡತೊಡಗುತ್ತಾರೆ. ಅಕ್ಟೋಬರಿನಿಂದ ನವೆಂಬರಿನವರೆಗೆ ಇಡೀ ಪುಟವೇ ಕೆಂಪು. ಶೇಂಗಾ ಕೀಳುವುದು, ಮೆಕ್ಕೆಜೋಳ ಮುರಿಯುವುದು, ಈರುಳ್ಳಿ ಕೊಯ್ಲು. ಕೂಲಿಗೆ ಆಳು ಸಿಗದ ಕಾಲದಲ್ಲಿ ಮನೆಯ ಮಗ ಮಗಳೇ ಆಳು. ಇದಕ್ಕೆ ಟೈಮ್‌ಟೇಬಲಿನಲ್ಲಿ ಮದ್ದಿಲ್ಲ. ಶೈಕ್ಷಣಿಕ ವೇಳಾಪಟ್ಟಿ ಹಾಕುವಾಗ ಆಂತರಿಕ ಪರೀಕ್ಷೆಯನ್ನು ಆ ಕೊಯ್ಲಿನ ವಾರಗಳಿಂದ ತಪ್ಪಿಸಿದರೆ ಒಂದಿಷ್ಟು ಅನುಕೂಲ. ನಮ್ಮ ಮಟ್ಟಿಗೆ ಎರಡನೆಯ ಪರೀಕ್ಷೆಯನ್ನು ಹಿಂದಕ್ಕೆ ಹಾಕಿಕೊಂಡೆವು.

ಬಗೆಹರಿಯದೆ ಉಳಿದದ್ದು ರಿಜಿಸ್ಟರಿನ ವಿಷಯ. ನಿಜವಾದ ಹಾಜರಿಯನ್ನೇ ಬರೆಯೋಣವೆಂದು ಕೆಲವರು, ಹಾಗೆ ಬರೆದರೆ ಕೊಯ್ಲಿಗೆ ಹೋದ ಹುಡುಗ ಶೇಕಡ 75ರ ಕೆಳಗೆ ಬಿದ್ದು ವರ್ಷ ಕಳೆದುಕೊಳ್ಳುತ್ತಾನೆಂದು ಕೆಲವರು. ಎರಡು ಸಭೆ ನಡೆದವು, ಒಮ್ಮತವಾಗಲಿಲ್ಲ. ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳುತ್ತೇನೆ: ಕರುಣೆಯಿಂದ ಹಾಕಿದ ಸುಳ್ಳು ಹಾಜರಿ ಆ 17 ಮಕ್ಕಳ ಕಷ್ಟವನ್ನು ಒಂದು ವರ್ಷ ನಮ್ಮ ಕಣ್ಣಿಂದ ಮರೆಮಾಡಿತು. ಪರೀಕ್ಷೆಗೆ ಕೂರಿಸುವ ಕರುಣೆ ಇರಲಿ, ಅದಕ್ಕೆ ವಿನಾಯಿತಿಯ ದಾರಿ ಬೇರೆ ಹುಡುಕೋಣ. ದಾಖಲೆ ಮಾತ್ರ ನಿಜವಾಗಿರಬೇಕು. ಇದಕ್ಕೆ ಎಲ್ಲರೂ ಒಪ್ಪಿಲ್ಲ. ಸದ್ಯಕ್ಕೆ ಚುಕ್ಕೆ ಪುಸ್ತಕ ಅನಧಿಕೃತವಾಗಿ ಉಳಿದಿದೆ.

ಮುಂದಿನ ಸೆಮಿಸ್ಟರ್

ಸಮ ಸೆಮಿಸ್ಟರ್ ಇನ್ನೇನು ಶುರುವಾಗುತ್ತದೆ. ಎನ್‌ಇಪಿಯ ಕೊನೆಯ ತಂಡ ಈಗ ಆರನೇ ಸೆಮಿಸ್ಟರಿಗೆ ಬರುತ್ತಿದೆ. ಅವರು ಹೊರಗೆ ಹೋದ ಮೇಲೆ ತರಗತಿಗಳೆಲ್ಲ ಒಂದೇ ಪದ್ಧತಿಗೆ ಬರುತ್ತವೆ, ಟೈಮ್‌ಟೇಬಲ್ ಹಾಕುವವನಿಗೆ ಉಸಿರಾಡಲು ಜಾಗ ಸಿಗುತ್ತದೆ. ಥೋರಟ್ ಆಯೋಗದ ಅಂತಿಮ ವರದಿ 2025ರ ಆಗಸ್ಟಿನಲ್ಲಿ ಸರ್ಕಾರದ ಕೈ ಸೇರಿದೆ. ಅದರಿಂದ ಮತ್ತೆ ಪಠ್ಯಕ್ರಮ ಬದಲಾಗುವುದಾದರೆ ಬದಲಾಗಲಿ, ಆದರೆ ವರ್ಷದ ನಡುವೆ ಬೇಡ.

ವಿಶ್ವವಿದ್ಯಾನಿಲಯದ ಸಭೆಗೆ ನಮ್ಮ ಕಾಲೇಜಿನಿಂದ ಎರಡು ಕೋರಿಕೆ ಕಳಿಸಿದ್ದೇವೆ. ಫಲಿತಾಂಶ ವಿಶ್ಲೇಷಣೆಯ ನಮೂನೆಯಲ್ಲಿ 'ಕಾರಣ'ದ ಪಕ್ಕ ತರಗತಿ ಯಾವ ಅವಧಿಯಲ್ಲಿತ್ತು, ಅನುತ್ತೀರ್ಣರು ಎಲ್ಲಿಂದ, ಹೇಗೆ ಬರುತ್ತಾರೆ ಎಂಬ ಎರಡು ಅಂಕಣ ಸೇರಲಿ. ಪ್ರವೇಶವೆಲ್ಲ ಈಗ ವಿಶ್ವವಿದ್ಯಾನಿಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಮೂಲಕವೇ ಆಗುವುದರಿಂದ ವಿಳಾಸ, ಅಂಕ ಎರಡೂ ಒಂದೇ ಕಡೆ ಇವೆ. ನಾವು ಮೂರು ದಿನ ಕೂತು ಮಾಡಿದ ತಾಳೆ ನೋಡುವ ಕೆಲಸ ಎರಡೂ ಜಿಲ್ಲೆಗಳ ಎಲ್ಲ ಕಾಲೇಜುಗಳಿಗೂ ಒಟ್ಟಿಗೆ ಆಗಬಹುದು. ಎರಡನೆಯದು, ಅತಿಥಿ ಉಪನ್ಯಾಸಕರು ಬಿಡುಗಡೆಯಾಗುವ ಮುನ್ನ ತಮ್ಮ ತರಗತಿಯ ಬಗ್ಗೆ ಒಂದು ಹಸ್ತಾಂತರ ಟಿಪ್ಪಣಿ ಬರೆದಿಡಲು ಒಂದು ದಿನ, ಆ ದಿನಕ್ಕೂ ಗೌರವಧನ. ಹಳೆಯ ಮೇಡಂ ತಾವಾಗಿ ಆ ಪುಸ್ತಕ ಕೊಡದೆ ಹೋಗಿದ್ದರೆ ನಾನು ಈ ಸಲವೂ 'ಗ್ರಾಮೀಣ ಹಿನ್ನೆಲೆ' ಎಂದೇ ಬರೆಯುತ್ತಿದ್ದೆ.

ಇಂಗ್ಲಿಷ್ ಉಳಿಸಿಕೊಂಡ ಆ 21 ಜನರಿಗೆ ಈಗ ಮೊದಲ ಸೆಮಿಸ್ಟರಿನ ತರಗತಿ ಯಾವುದೂ ಇಲ್ಲ. ಬ್ಯಾಕ್‌ಲಾಗ್ ಎಂದರೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯುವುದಷ್ಟೇ, ಪಾಠ ಮಾಡುವ ಹೊಣೆ ಯಾರದೂ ಅಲ್ಲ, ಯಾರ ಕಾರ್ಯಭಾರದ ಲೆಕ್ಕಕ್ಕೂ ಅದು ಬರುವುದಿಲ್ಲ. ಅವರಿಗಾಗಿ ಶನಿವಾರ ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ತರಗತಿ ಶುರು ಮಾಡಿದೆವು. ಮೊದಲ ಶನಿವಾರ ಏಳು ಜನ, ಕೊನೆಕೊನೆಗೆ ಹದಿನಾಲ್ಕು. ಬೇರೆ ತಾಲ್ಲೂಕಿಗೆ ಹೋದ ಮೇಡಂ ಎರಡು ಶನಿವಾರ ತಮ್ಮ ಖರ್ಚಿನಲ್ಲೇ ಬಂದು ಪಾಠ ಮಾಡಿ ಹೋದರು. ಪರೀಕ್ಷೆ ಮುಗಿದಿದೆ, ಫಲಿತಾಂಶ ಬರಬೇಕು. ಮೊನ್ನೆ ಕಾರಿಡಾರಿನಲ್ಲಿ ಗೇಟಿನ ಆ ಹುಡುಗಿ ಸಿಕ್ಕು, ಈ ಸೆಮಿಸ್ಟರಿನಲ್ಲೂ ಶನಿವಾರದ ಕ್ಲಾಸು ಇದೆಯಾ ಸಾರ್ ಎಂದು ಕೇಳಿದಳು. ಇದೆ ಎಂದೆ. ಅವಳ ತಂಗಿಯೂ ಈಗ ಮೊದಲ ವರ್ಷ ಬಿ.ಎ.ಗೆ ಸೇರಿದ್ದಾಳೆ. ಇಬ್ಬರೂ ಹತ್ತೂ ಹತ್ತರ ಬಸ್ಸಿಗೇ ಬರುತ್ತಾರೆ. ಸೋಮವಾರದ ಮೊದಲ ಪಿರಿಯಡ್‌ಗೆ ಈ ಸಲ ನನ್ನ ಅರ್ಥಶಾಸ್ತ್ರ ಹಾಕಿಕೊಂಡಿದ್ದೇನೆ. ಅಂದು ತಪ್ಪಿದವರಿಗೆ ಅದೇ ಪಾಠವನ್ನು ಊಟದ ಬಿಡುವಿನ ಕೊನೆಯ ಇಪ್ಪತ್ತು ನಿಮಿಷದಲ್ಲಿ ಇನ್ನೊಮ್ಮೆ ಹೇಳುವುದೆಂದು ನೋಟಿಸ್ ಬೋರ್ಡಿನಲ್ಲಿ ಬರೆದು ಹಚ್ಚಿದ್ದೇನೆ.